ರಾಬರ್ಟ್ ಓವೆನ್: ಲಾಭದಲ್ಲಿ ಊರಿಗೂ ಪಾಲು ಇಟ್ಟ ಗಿರಣಿ ಯಜಮಾನರು



ನಮ್ಮ ಹಾಲು ಉತ್ಪಾದಕರ ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ನಿರ್ದೇಶಕರೆಲ್ಲರೂ ಒಂದೊಂದು ಲೇಖನ ಕೊಡಲೇಬೇಕು ಎಂದು ಆಡಳಿತ ಮಂಡಳಿಯಲ್ಲಿ ತೀರ್ಮಾನವಾದಾಗ ನಮಗೆ ಕೈಕಾಲೇ ಆಡಲಿಲ್ಲ. ನಾವು ಓದಿರುವುದು ಎಸ್.ಎಸ್.ಎಲ್.ಸಿ. ಆಮೇಲೆ ಬರೆದಿದ್ದೆಲ್ಲ ಹಾಲಿನ ಲೆಕ್ಕ, ರಾಗಿ ಮಾರಿದ ಲೆಕ್ಕ ಅಷ್ಟೆ. ಆದರೆ ನಿರ್ದೇಶಕರ ತರಬೇತಿ ಶಿಬಿರಕ್ಕೆ ಹೋಗಿದ್ದಾಗ ಕೇಳಿದ ಒಬ್ಬ ಮಹನೀಯರ ಜೀವನ ಅವತ್ತಿನಿಂದ ತಲೆಯಲ್ಲಿ ಕೂತುಬಿಟ್ಟಿದೆ. ಬಂದ ಮೇಲೂ ಸಿಕ್ಕ ಪುಸ್ತಕಗಳಲ್ಲಿ ಹುಡುಕಿ ಓದಿದೆವು. ಅದನ್ನೇ ತಮ್ಮ ಮುಂದೆ ಇಡುತ್ತಿದ್ದೇವೆ. ತಪ್ಪಿದ್ದರೆ ತಿದ್ದಿಕೊಂಡು ಓದಬೇಕಾಗಿ ವಿನಂತಿ.

ಆ ಜೀವನ ಯಾಕೆ ತಲೆಯಲ್ಲಿ ಕೂತಿತು ಅಂದರೆ, ಶಾಲೆ ಪಕ್ಕದ ಕುಡಿಯುವ ನೀರಿನ ಘಟಕದಿಂದ. ತಮಗೆಲ್ಲ ಗೊತ್ತಿರುವುದೇ. ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2 ರೂಪಾಯಿ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು ಎಂದು 2013ರ ಕಂಪನಿ ಕಾಯಿದೆಯಲ್ಲಿ ಬಂತು. 2014ರಿಂದ ಜಾರಿಯಾಯಿತು. ಕಾನೂನು ಒಳ್ಳೆಯದೇ. ಅದರಂತೆ ಒಂದು ಕಂಪನಿಯವರು ನಮ್ಮೂರಿಗೂ ಘಟಕ ಕಟ್ಟಿಸಿಕೊಟ್ಟರು. ಟೇಪು ಕತ್ತರಿಸಿದ್ದಾಯಿತು, ಫೋಟೋ ತೆಗೆದಿದ್ದಾಯಿತು, ನಮಗೂ ಒಂದು ಪೇಟ, ಒಂದು ಹಾರ ಹಾಕಿದರು. ಫಿಲ್ಟರ್ ಕೆಟ್ಟರೆ ಬದಲಾಯಿಸುವವರು ಯಾರು, ಕರೆಂಟ್ ಬಿಲ್ಲು ಯಾರ ಹೆಸರಿಗೆ, ಡಬ್ಬಿಗೆ ಬಿದ್ದ ನಾಣ್ಯದ ಲೆಕ್ಕ ಯಾರ ಹತ್ತಿರ ಎಂದು ಅವರೂ ಹೇಳಲಿಲ್ಲ, ಮುಂದಿನ ಸಾಲಿನಲ್ಲಿ ಕೂತಿದ್ದ ನಾವೂ ಕೇಳಲಿಲ್ಲ. ಎರಡನೇ ಬೇಸಿಗೆಗೆ ಯಂತ್ರ ನಿಂತಿತು. ಈಗ ಅಲ್ಲಿ ಮಧ್ಯಾಹ್ನದ ಹೊತ್ತು ಮೇಕೆಗಳು ನೆರಳಿಗೆ ಮಲಗುತ್ತವೆ. ಕಂಪನಿಯವರನ್ನು ಬೈಯುವುದು ಸುಲಭ. ಅದರಲ್ಲಿ ನಮ್ಮ ತಪ್ಪೂ ಅರ್ಧ ಇದೆ ಎಂದು ಒಪ್ಪಿಕೊಂಡೇ ಮುಂದೆ ಬರೆಯುತ್ತೇವೆ.

ರಾಬರ್ಟ್ ಓವೆನ್ ಅವರು ಹುಟ್ಟಿದ್ದು 1771ರ ಮೇ 14ರಂದು, ಇಂಗ್ಲೆಂಡ್ ಮಗ್ಗುಲಿನ ವೇಲ್ಸ್ ಸೀಮೆಯ ನ್ಯೂಟೌನ್ ಎಂಬ ಸಣ್ಣ ಊರಿನಲ್ಲಿ. ತಂದೆಯವರದು ಕುದುರೆ ಜೀನು ಹೊಲಿಯುವ, ಕಬ್ಬಿಣದ ಸಾಮಾನು ಮಾರುವ ಕಸುಬು. ಏಳು ಮಕ್ಕಳಲ್ಲಿ ಇವರು ಆರನೆಯವರು. ಹತ್ತು ವರ್ಷಕ್ಕೇ ಮನೆ ಬಿಟ್ಟು ದುಡಿಯಲು ಹೋದರು. ಸ್ಟ್ಯಾಮ್‌ಫರ್ಡ್ ಎಂಬ ಊರಿನ ಬಟ್ಟೆ ಅಂಗಡಿಯಲ್ಲಿ ಕೆಲಸ. ಆ ಅಂಗಡಿ ಯಜಮಾನರು ಒಳ್ಳೆ ಮಾಲು ಇಟ್ಟು ನ್ಯಾಯದ ದರಕ್ಕೆ ಮಾರುವವರು, ಮನೆಯಲ್ಲಿ ಪುಸ್ತಕಗಳೂ ಇದ್ದವು. ಹುಡುಗನ ಓದೆಲ್ಲ ಆದದ್ದು ಅಲ್ಲಿಯೇ. ಆಮೇಲೆ ಲಂಡನ್, ಅಲ್ಲಿಂದ ಮ್ಯಾಂಚೆಸ್ಟರ್. ಅಣ್ಣನ ಹತ್ತಿರ 100 ಪೌಂಡ್ ಸಾಲ ತೆಗೆದುಕೊಂಡು ನೂಲುವ ಯಂತ್ರ ಮಾಡುವ ಸಣ್ಣ ವ್ಯಾಪಾರವನ್ನೂ ಮಾಡಿ ನೋಡಿದರು.

ಇಪ್ಪತ್ತರ ಪ್ರಾಯಕ್ಕೇ 500 ಜನ ದುಡಿಯುವ ಹತ್ತಿ ಗಿರಣಿಗೆ ಮ್ಯಾನೇಜರ್ ಆದರು ಎಂದರೆ ನಂಬುವುದು ಕಷ್ಟ. ಆ ಗಿರಣಿಯ ಕೆಲಸ ಅವರಿಗೆ ಪೂರ್ತಿ ಗೊತ್ತಿರಲಿಲ್ಲ. ಅದಕ್ಕೆ ಅವರು ಮಾಡಿದ್ದೇನೆಂದರೆ, ಮೊದಲ ಆರು ವಾರ ಯಾರಿಗೂ ಒಂದು ಹುಕುಂ ಮಾಡಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ರಾತ್ರಿ ಬಾಗಿಲು ಹಾಕಿದ ಮೇಲೆ ಹೋಗುತ್ತಾ, ಎಲ್ಲವನ್ನೂ ಸುಮ್ಮನೆ ನೋಡಿದರು. ಕೇಳಿದ್ದಕ್ಕೆ ಹೌದು, ಇಲ್ಲ ಎಂದು ಮಾತ್ರ ಹೇಳುತ್ತಿದ್ದರಂತೆ. ಚುನಾವಣೆ ಗೆದ್ದ ಮಾರನೇ ದಿನವೇ ಕಾರ್ಯದರ್ಶಿಯ ಮೇಲೆ ಕೂಗಾಡುವ ನಮ್ಮಂಥ ನಿರ್ದೇಶಕರು ಈ ಜಾಗವನ್ನು ಎರಡು ಸಾರಿ ಓದಬೇಕು.

ವ್ಯಾಪಾರದ ಮೇಲೆ ಸ್ಕಾಟ್ಲೆಂಡಿಗೆ ಹೋಗಿ ಬರುತ್ತಿದ್ದಾಗ ಡೇವಿಡ್ ಡೇಲ್ ಎಂಬ ಗಿರಣಿ ಮಾಲೀಕರ ಮಗಳು ಕ್ಯಾರೊಲಿನ್ ಅವರ ಪರಿಚಯವಾಯಿತು. ಕ್ಲೈಡ್ ನದಿಯ ಜಲಪಾತದ ಹತ್ತಿರ, ನೀರಿನ ಬಲದಿಂದ ಓಡುವ ಡೇಲ್ ಅವರ ಗಿರಣಿಗಳಿದ್ದವು. ಊರಿನ ಹೆಸರು ನ್ಯೂ ಲಾನಾರ್ಕ್. ಓವೆನ್ ಮತ್ತು ಪಾಲುದಾರರು ಅದನ್ನು 60,000 ಪೌಂಡಿಗೆ, ವರ್ಷಕ್ಕೆ 3,000ದಂತೆ 20 ಕಂತಿನಲ್ಲಿ ತೀರಿಸುವ ಮಾತಿಗೆ ಕೊಂಡರು. 1799ರಲ್ಲಿ ಮದುವೆ, 1800ರ ಜನವರಿ 1ರಂದು ಗಿರಣಿಯ ಜವಾಬ್ದಾರಿ. ಮಾವನ ಗಿರಣಿ ಅಳಿಯನಿಗೆ ಬಳುವಳಿಯಾಗಿ ಬಂದದ್ದಲ್ಲ, ಕಂತು ಕಟ್ಟಿ ಪಡೆದದ್ದು.

ಆಗ ಆ ಊರಿನಲ್ಲಿ ಸುಮಾರು ಎರಡು ಸಾವಿರ ಜನ. ಅದರಲ್ಲಿ 500ರಷ್ಟು ಅನಾಥಾಲಯಗಳಿಂದ ಕರೆತಂದ ಮಕ್ಕಳು. ಐದಾರು ವರ್ಷದ ಮಕ್ಕಳೂ ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಗಿರಣಿಯಲ್ಲಿ ನಿಲ್ಲಬೇಕಾಗಿತ್ತು. ದೊಡ್ಡವರಲ್ಲಿ ಕುಡಿತ, ಕಳ್ಳತನ. ಹಳೆಯ ಯಜಮಾನರು ಕೆಟ್ಟವರೇನಲ್ಲ, ಮಕ್ಕಳಿಗೆ ಊಟ, ಬಟ್ಟೆ, ರಾತ್ರಿ ಪಾಠ ಎಲ್ಲ ಕೊಟ್ಟಿದ್ದರು. ಆದರೆ ಅವರು ಊರಿಗೆ ಬರುತ್ತಿದ್ದುದೇ ಅಪರೂಪ. ಒಡೆಯ ಬರದ ಹೊಲದ ಪಾಡು ನಮಗೆ ಗೊತ್ತಿಲ್ಲವೆ?

ಓವೆನ್ ಅವರು ಏನು ಹೇಳಿದರೂ ಜನ ನಂಬಲಿಲ್ಲ. ಪರಸ್ಥಳದವರು, ಲಾಭಕ್ಕೆ ಬಂದವರು ಎಂದು ವರ್ಷಗಟ್ಟಲೆ ದೂರವೇ ಇಟ್ಟರು. ನಂಬಿಕೆ ಬಂದದ್ದು ಕಷ್ಟಕಾಲದಲ್ಲಿ. ಒಮ್ಮೆ ಅಮೆರಿಕದವರು ಹತ್ತಿ ಕಳಿಸುವುದನ್ನು ನಿಲ್ಲಿಸಿಬಿಟ್ಟರು. ದರ ಆಕಾಶಕ್ಕೆ ಹೋಯಿತು. ಬೇರೆ ಗಿರಣಿಯವರು ಆಳುಗಳನ್ನು ಮನೆಗೆ ಕಳಿಸಿದರು. ಇವರು ನಾಲ್ಕು ತಿಂಗಳು ಗಿರಣಿ ನಿಲ್ಲಿಸಿ, ಯಂತ್ರ ಒರೆಸಿ ಎಣ್ಣೆ ಹಾಕಿಕೊಂಡಿರಿ ಸಾಕು ಎಂದು ಎಲ್ಲರಿಗೂ ಪೂರ್ತಿ ಕೂಲಿ ಕೊಟ್ಟರು. ಕೊಟ್ಟ ಮೊತ್ತ 7,000 ಪೌಂಡಿಗೂ ಮೇಲೆ. ಅವತ್ತಿನಿಂದ ಊರು ಅವರದಾಯಿತು.

ಇನ್ನು ಅಂಗಡಿಯ ವಿಷಯ. ಊರಿನ ವ್ಯಾಪಾರಿಗಳು ಕಳಪೆ ಸಾಮಾನನ್ನು ಹೆಚ್ಚು ದರಕ್ಕೆ, ಅದೂ ಉದ್ರಿ ಬರೆದು ಕೊಡುತ್ತಿದ್ದರು. ಓವೆನ್ ಅವರು ಒಟ್ಟಿಗೆ ಸಗಟಿನಲ್ಲಿ ಒಳ್ಳೆ ಮಾಲು ತರಿಸಿ, ಕೊಂಡ ದರಕ್ಕಿಂತ ಸ್ವಲ್ಪವೇ ಮೇಲೆ ಇಟ್ಟು ಮಾರಿಸಿದರು. ಜನರ ಖರ್ಚು ಕಾಲು ಭಾಗ ಉಳಿಯಿತು. ಅಂಗಡಿಯಲ್ಲಿ ಬಂದ ಸಣ್ಣ ಲಾಭ ಶಾಲೆಗೆ. ಕಾಯಿಲೆ ಬಿದ್ದವರಿಗೆಂದು ಒಂದು ನಿಧಿ. ಅದಕ್ಕೆ ಪ್ರತಿಯೊಬ್ಬರೂ ಕೂಲಿಯ 60ರಲ್ಲಿ ಒಂದು ಪಾಲು ಹಾಕಬೇಕು. ಪುಕ್ಕಟೆ ಕೊಡಲಿಲ್ಲ ಎಂಬುದನ್ನು ಗಮನಿಸಬೇಕು. ತಮ್ಮ ಕೂಲಿಯ ಪಾಲೂ ಸೇರಿದ್ದ ನಿಧಿಯಾದ್ದರಿಂದ ಜನ ಅದರ ಮೇಲೆ ಕಣ್ಣಿಟ್ಟಿದ್ದರು.

ಒಂದು ತಮಾಷೆಯ ಸಂಗತಿ. ಮನೆಮನೆ ಚೊಕ್ಕಟವಾಗಿದೆಯೇ ಎಂದು ವಾರವಾರ ನೋಡಿ ಬರಲು ಒಂದು ಸಮಿತಿ ಮಾಡಿದರು. ಹೆಂಗಸರಿಗೆ ಸಿಟ್ಟು ಬಂದು, ಅವರಿಗೆ ತಿಗಣೆ ಹುಡುಕುವವರು ಎಂದು ಅಡ್ಡಹೆಸರು ಇಟ್ಟರು! ನಮ್ಮೂರ ಹೆಣ್ಣುಮಕ್ಕಳಾಗಿದ್ದರೆ ಪೊರಕೆಯನ್ನೇ ತೋರಿಸುತ್ತಿದ್ದರು.

ಗಿರಣಿಯೊಳಗೆ ಬೈಗುಳ, ಹೊಡೆತ ನಿಲ್ಲಿಸಿದರು. ಅದರ ಬದಲು ಪ್ರತಿಯೊಬ್ಬರ ಹತ್ತಿರ ನಾಲ್ಕು ಮುಖದ ಒಂದು ಮರದ ತುಂಡು ತೂಗುಹಾಕಿದರು. ಕಪ್ಪು, ನೀಲಿ, ಹಳದಿ, ಬಿಳಿ. ಹಿಂದಿನ ದಿನ ಕೆಲಸ ಕೆಟ್ಟದ್ದಾದರೆ ಕಪ್ಪು ಮುಖ ಮುಂದೆ, ಬಹಳ ಚೆನ್ನಾಗಿದ್ದರೆ ಬಿಳಿ. ದಿನದಿನವೂ ಪುಸ್ತಕಕ್ಕೆ ಬರೆಯುತ್ತಿದ್ದರು. ಅನ್ಯಾಯವಾಗಿ ಕಪ್ಪು ಹಾಕಿದ್ದಾರೆ ಅನ್ನಿಸಿದವರು ನೇರ ಯಜಮಾನರ ಹತ್ತಿರ ಹೋಗಿ ದೂರಬಹುದಿತ್ತು. ಹೀಗೆ ತೂಗುಹಾಕುವುದು ನಮಗೇನೋ ಅಷ್ಟು ಹಿಡಿಸಲಿಲ್ಲ. ಆದರೆ ನಮ್ಮ ಡೇರಿಯಲ್ಲೂ ಫ್ಯಾಟು, ಡಿಗ್ರಿ ಬರೆದು ಚೀಟಿ ಕೊಡಲು ಶುರು ಮಾಡಿದ ಮೇಲೆ ಕ್ಯಾನಿಗೆ ನೀರು ಬೀಳುವುದು ಎಷ್ಟು ಕಡಿಮೆಯಾಯಿತು ಎಂಬುದು ತಮಗೇ ತಿಳಿದಿದೆ.

ಇಷ್ಟೆಲ್ಲ ಖರ್ಚು ಮಾಡಿದರೆ ಪಾಲುದಾರರು ಸುಮ್ಮನಿರುತ್ತಾರೆಯೇ? ಶಾಲೆ ಕಟ್ಟುವುದು ವ್ಯಾಪಾರವಲ್ಲ ಎಂದು ತಕರಾರು ತೆಗೆದರು. ಒಂದು ಸಾರಿ ಪಾಲುದಾರರು ಬದಲಾದರು. ಎರಡನೇ ಸಾರಿ, 1813ರಲ್ಲಿ, ಗಿರಣಿ ಹರಾಜಿಗೇ ಬಂತು. ಓವೆನ್ ಅವರು ಅಷ್ಟರಲ್ಲಿ ಲಂಡನ್ನಿನಲ್ಲಿ ವಿಲಿಯಂ ಅಲೆನ್, ಜೆರೆಮಿ ಬೆಂಥಮ್ ಮೊದಲಾದ ಹೊಸ ಪಾಲುದಾರರನ್ನು ಹುಡುಕಿಕೊಂಡಿದ್ದರು. ಅವರೊಂದಿಗೆ ಆದ ಕರಾರು ಹೀಗೆ: ಹಾಕಿದ ಬಂಡವಾಳಕ್ಕೆ ನೂರಕ್ಕೆ 5ರಂತೆ ಮಾತ್ರ ಪಾಲುದಾರರಿಗೆ, ಅದಕ್ಕಿಂತ ಹೆಚ್ಚು ಬಂದದ್ದು ಊರಿನ ಮಕ್ಕಳ ವಿದ್ಯೆಗೆ, ಜನರ ಏಳಿಗೆಗೆ. ಹರಾಜಿನಲ್ಲಿ 1,14,100 ಪೌಂಡಿಗೆ ಗಿರಣಿ ಇವರಿಗೇ ನಿಂತಿತು. ಓವೆನ್ ಅವರು ಊರಿಗೆ ಬರುವಾಗ ಜನ ಗಾಡಿಯ ಕುದುರೆ ಬಿಚ್ಚಿ ತಾವೇ ಎಳೆದುಕೊಂಡು ಹೋದರಂತೆ. ನಮ್ಮ ದೃಷ್ಟಿಯಲ್ಲಿ ಅವರ ಜೀವನದಲ್ಲಿ ದೊಡ್ಡ ಕೆಲಸ ಈ ಕರಾರೇ. ಅಲ್ಲಿಯವರೆಗೆ ಊರಿಗೆ ಕೊಡುವುದು ಅವರ ಮನಸ್ಸಿಗೆ ಬಿಟ್ಟಿದ್ದು. ಇನ್ನು ಮೇಲೆ ಅದು ಕಾಗದದ ಮೇಲೆ ಬಂತು, ಲೆಕ್ಕಕ್ಕೆ ಬಂತು.

1816ರ ಜನವರಿ 1ರಂದು ದೊಡ್ಡ ಶಾಲೆ ತೆರೆಯಿತು. ನಡೆಯಲು ಕಲಿತ ಕೂಸುಗಳನ್ನೂ ಸೇರಿಸಿಕೊಳ್ಳುತ್ತಿದ್ದರು. ಈಗಿನ ಅಂಗನವಾಡಿ ಇದ್ದಂತೆ. ಹೊಡೆಯುವಂತಿಲ್ಲ. ಭೂಪಟ, ಚಿತ್ರ, ಹಾಡು, ಕುಣಿತ. ರಾತ್ರಿ ದೊಡ್ಡವರಿಗೆ ಪಾಠ. ಹತ್ತು ವರ್ಷದೊಳಗಿನ ಮಕ್ಕಳಿಗೆ ಗಿರಣಿಯಲ್ಲಿ ಕೆಲಸವಿಲ್ಲ. ಅದೇ ವರ್ಷ ದುಡಿಮೆಯನ್ನು ದಿನಕ್ಕೆ 10 ಗಂಟೆ 45 ನಿಮಿಷಕ್ಕೆ ಇಳಿಸಿದರು. ಇಷ್ಟಾದರೂ ಗಿರಣಿಗೆ ಲಾಭ ಬರುತ್ತಲೇ ಇತ್ತು. ನೋಡಲು 1815ರಿಂದ 1825ರೊಳಗೆ ಸುಮಾರು 20,000 ಜನ ಬಂದು ಪುಸ್ತಕದಲ್ಲಿ ರುಜು ಹಾಕಿದರು. ಮುಂದೆ ರಷ್ಯಾದ ಚಕ್ರವರ್ತಿಯಾದ ನಿಕೊಲಸ್ ಕೂಡ ಬಂದಿದ್ದರು. ಓವೆನ್ ಅವರು ಬ್ರಿಟನ್ನಿನ ಎಲ್ಲ ಗಿರಣಿಗಳಿಗೂ ಕಾನೂನು ಬೇಕೆಂದು ಹೋರಾಡಿದರು. 1819ರಲ್ಲಿ ಬಂದ ಕಾನೂನು ಒಂಬತ್ತು ವರ್ಷದೊಳಗಿನವರನ್ನು ಹತ್ತಿ ಗಿರಣಿಗೆ ಸೇರಿಸಬಾರದು ಎಂದಿತು. ಅವರು ಕೇಳಿದ್ದರಲ್ಲಿ ಅರ್ಧವೂ ಅಲ್ಲ.

ಆದರೆ ಒಂದು ಕೊರತೆಯನ್ನು ಮುಚ್ಚಿಡಬಾರದು. ನ್ಯೂ ಲಾನಾರ್ಕಿನಲ್ಲಿ ಎಲ್ಲ ತೀರ್ಮಾನವೂ ಯಜಮಾನರದೇ. ಗಿರಣಿಯನ್ನು ಹೇಗೆ ನಡೆಸಬೇಕೆಂದು ದುಡಿಯುವವರನ್ನು ಯಾರೂ ಕೇಳಲಿಲ್ಲ. ಹಾಗೂ ಅದು ನಡೆದದ್ದು ಅವರು ದಿನವೂ ಅಲ್ಲೇ ಇದ್ದುದರಿಂದ, ಲೆಕ್ಕ ಕೇಳುವ ಪಾಲುದಾರರು ಬೆನ್ನ ಹಿಂದೆ ಇದ್ದುದರಿಂದ. ಎರಡೂ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಅಮೆರಿಕದಲ್ಲಿ ಗೊತ್ತಾಯಿತು.

ಶಾಲೆಯ ಪಾಠದ ಬಗ್ಗೆ ಪಾಲುದಾರರೊಂದಿಗೆ ಮನಸ್ತಾಪವಾಗಿ ಬೇಸತ್ತಿದ್ದ ಓವೆನ್ ಅವರು 1825ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಒಂದು ಊರನ್ನೇ, ಸುಮಾರು 20 ಸಾವಿರ ಎಕರೆ ಭೂಮಿ ಸಮೇತ, ಸ್ವಂತ ಹಣದಲ್ಲಿ ಕೊಂಡರು. ನ್ಯೂ ಹಾರ್ಮನಿ ಎಂದು ಹೆಸರು. ಎಲ್ಲರೂ ಕೂಡಿ ದುಡಿದು ಕೂಡಿ ಉಣ್ಣುವ ಊರಾಗಬೇಕು ಎಂಬುದು ಆಸೆ. ಬನ್ನಿ ಎಂದು ಕರೆದರು. ಕೆಲವೇ ವಾರದಲ್ಲಿ 800 ಜನ ಬಂದು ಸೇರಿದರು. ಯಾರು ಬಂದರು, ಅವರಿಗೆ ಏನು ಕೆಲಸ ಬರುತ್ತದೆ ಎಂದು ನೋಡಿದವರಿಲ್ಲ. ಉಳುವವರು, ಬಡಗಿಗಳು ಕಡಿಮೆ, ಚರ್ಚೆ ಮಾಡುವವರು ಜಾಸ್ತಿ. ಮನೆ ಸಾಲದು, ಗಿರಣಿಗೆ ಆಳಿಲ್ಲ. ಓವೆನ್ ಅವರು ಉದ್ಘಾಟನೆಯ ಭಾಷಣ ಮಾಡಿ, ಸ್ವಲ್ಪ ದಿನಕ್ಕೆ ಮಗನಿಗೆ ಒಪ್ಪಿಸಿ ಬ್ರಿಟನ್ನಿಗೆ ಹೊರಟುಹೋದರು. ತಿರುಗಿ ಬರುವಷ್ಟರಲ್ಲಿ ಉಗ್ರಾಣ ಖಾಲಿಯಾಗುತ್ತಾ ಬಂದಿತ್ತು. ಎರಡು ವರ್ಷದಲ್ಲಿ ಮತ್ತೆ ಮತ್ತೆ ಹೊಸ ನಿಯಮಾವಳಿ ಬರೆದರು, ಹರಿದರು. ದುಡಿದವನಿಗೂ ಕೂತವನಿಗೂ ಒಂದೇ ಪಾಲು ಎಂದು ಜಗಳ. 1827ರಲ್ಲಿ ಮುಗಿದೇ ಹೋಯಿತು. ಅವರ ಆಸ್ತಿಯ ಐದರಲ್ಲಿ ನಾಲ್ಕು ಪಾಲು ಅಲ್ಲಿ ಕರಗಿತು. ಓದುವಾಗ ನಮಗೆ ನಮ್ಮ ನೀರಿನ ಘಟಕದ ಟೇಪು ಕಣ್ಣಮುಂದೆ ಬಂತು. ಇಲ್ಲೂ ಹಣಕ್ಕೆ ಕೊರತೆಯಿರಲಿಲ್ಲ, ಮನಸ್ಸೂ ಒಳ್ಳೆಯದೇ ಇತ್ತು.

ಆಮೇಲೆ ಲಂಡನ್ನಿನಲ್ಲಿ, ದುಡಿದ ಗಂಟೆಯ ಲೆಕ್ಕದ ಚೀಟಿ ಕೊಟ್ಟು ಸಾಮಾನು ಬದಲಾಯಿಸಿಕೊಳ್ಳುವ ಒಂದು ಕೋಠಿ ಇಟ್ಟರು, 1832ರಲ್ಲಿ. 1834ಕ್ಕೆ ಅದೂ ಮುಚ್ಚಿತು. ಕಾರ್ಮಿಕ ಸಂಘ ಕಟ್ಟಿದರು, ನಿಲ್ಲಲಿಲ್ಲ.

ನಿಂತದ್ದು ಅವರು ಕಟ್ಟದೇ ಇದ್ದದ್ದು. ಅವರ ವಿಚಾರ ಕೇಳಿ ಬೆಳೆದ ನೇಕಾರರೂ ಇತರ ಕೆಲಸಗಾರರೂ ಸೇರಿ 28 ಜನ, ಇಂಗ್ಲೆಂಡಿನ ರೋಚ್‌ಡೇಲ್ ಎಂಬ ಊರಿನಲ್ಲಿ 28 ಪೌಂಡ್ ಬಂಡವಾಳ ಕೂಡಿಸಿ, 1844ರ ಡಿಸೆಂಬರ್ 21ರ ಸಂಜೆ ಒಂದು ಸಣ್ಣ ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದ ಬತ್ತಿ, ಇಷ್ಟೇ ಮಾಲು. ಆದರೆ ನಿಯಮ ಮೊದಲೇ ಬರೆದಿದ್ದರು: ಒಬ್ಬರಿಗೆ ಒಂದೇ ಮತ, ಕಲಬೆರಕೆಯಿಲ್ಲ, ಉದ್ರಿಯಿಲ್ಲ, ಕೊಂಡ ವ್ಯಾಪಾರಕ್ಕೆ ತಕ್ಕಂತೆ ಲಾಭಾಂಶ, ಲೆಕ್ಕ ಎಲ್ಲ ಸದಸ್ಯರ ಮುಂದೆ. ನ್ಯೂ ಲಾನಾರ್ಕಿನಲ್ಲಿ ಯಜಮಾನರೊಬ್ಬರು ಹೊತ್ತಿದ್ದನ್ನು ಇಲ್ಲಿ 28 ಜನ ಹಂಚಿಕೊಂಡು ಹೊತ್ತರು. ಈ ನಿಯಮಗಳೇ ಲೋಕವೆಲ್ಲ ಹರಡಿ, 1905ರಲ್ಲಿ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಹಕಾರ ಸಂಘ ಹುಟ್ಟಲು ದಾರಿಯಾಯಿತು. ನಮ್ಮ ಸಂಘದ ಬೈಲಾದಲ್ಲೂ ಒಬ್ಬರಿಗೆ ಒಂದೇ ಮತ ಎಂದು ಇರುವುದು ಅಲ್ಲಿಂದ ಬಂದದ್ದೇ.

ಘಟಕದ ವಿಷಯವನ್ನು ಈ ಸಾರಿಯ ವಾರ್ಷಿಕ ಮಹಾಸಭೆಯ ಅಜೆಂಡಾಕ್ಕೆ ಹಾಕಿಸಿದ್ದೇವೆ. ಬೆಳ್ಳಿಹಬ್ಬಕ್ಕೆ ಕಮಾನು ಕಟ್ಟಿಸುವ ಸೂಚನೆಯೂ ಅದೇ ಪಟ್ಟಿಯಲ್ಲಿದೆ. ಕಮಾನಿನ ಹಣದಲ್ಲಿ ಒಂದು ಪಾಲನ್ನು ಫಿಲ್ಟರಿಗೆ ಕೊಡುವುದೇ, ಮನೆಗೆ ತಿಂಗಳಿಗೆ ಎಷ್ಟು ಹಾಕುವುದು, ನೋಡಿಕೊಳ್ಳುವ ಐದು ಜನರಲ್ಲಿ ಹೆಣ್ಣುಮಕ್ಕಳು ಎಷ್ಟು, ಲೆಕ್ಕವನ್ನು ಡೇರಿಯ ಬೋರ್ಡಿಗೆ ಎಂದು ಬರೆಯುವುದು, ಇವನ್ನೆಲ್ಲ ಸಭೆಯೇ ತೀರ್ಮಾನಿಸಬೇಕು. ಕಂಪನಿಯವರಿಗೂ ಬರಬೇಕೆಂದು ಕಾಗದ ಬರೆದಿದ್ದೇವೆ. ತಾವು ಸಹಿ ಮಾಡಿ ಹೊರಟುಬಿಡದೆ ಕೊನೆಯವರೆಗೆ ಕೂರಬೇಕು.

ಓವೆನ್ ಅವರು ಮುಪ್ಪಿನಲ್ಲೂ ಊರೂರು ತಿರುಗಿ ಮಾತಾಡುವುದನ್ನು ಬಿಡಲಿಲ್ಲ. 87ನೇ ವಯಸ್ಸಿನಲ್ಲಿ ಲಿವರ್‌ಪೂಲಿನ ಒಂದು ಸಭೆಗೆ ಹೋಗಿ ಅಲ್ಲೇ ಹಾಸಿಗೆ ಹಿಡಿದರು. ಹುಟ್ಟಿದ ಊರಿಗೆ ಕರೆದುಕೊಂಡು ಹೋಗಿ ಎಂದು ಕೇಳಿದರು. 1858ರ ನವೆಂಬರ್ 17ರಂದು ನ್ಯೂಟೌನಿನಲ್ಲಿ ತೀರಿಕೊಂಡರು. ಹಳೆಯ ಚರ್ಚಿನ ಅಂಗಳದಲ್ಲಿ ತಂದೆತಾಯಿಯರ ಪಕ್ಕದಲ್ಲಿ ಮಣ್ಣು ಮಾಡಿದರು. 1902ರಲ್ಲಿ ಆ ದೇಶದ ಸಹಕಾರಿಗಳು ಚಂದಾ ಎತ್ತಿ ಸಮಾಧಿಯ ಸುತ್ತ ಕಬ್ಬಿಣದ ಕಟಕಟೆ ಹಾಕಿಸಿದರು. ನ್ಯೂ ಲಾನಾರ್ಕಿನ ಗಿರಣಿ 1968ರವರೆಗೆ ಓಡಿತು. ಶಾಲೆಯ ಕಟ್ಟಡ ಇನ್ನೂ ಇದೆ.