ಸಾಬರಮತಿಗೆ ಬಂದ ಪಾದ್ರಿ

ನಾನು ಕೊಯಾಲಿಗೆ ಬಂದ ಹೊಸದರಲ್ಲಿ ರಿಫೈನರಿಯ ಸಹೋದ್ಯೋಗಿಯೊಬ್ಬರು, ನಿಮ್ಮ ಕಡೆ ಮೈಮೇಲೆ ಭೂತ ಬರುತ್ತದಂತೆ, ಹೌದಾ ಎಂದು ಕೇಳಿದ್ದರು. ಪುತ್ತೂರಿನ ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಕೋಲ ನಡೆಯುತ್ತದೆ. ಆದರೂ ಅದೆಲ್ಲ ಹಳೇ ಕಾಲದ್ದು ಎಂದು ನಕ್ಕು ಜಾರಿಕೊಂಡೆ. ವೆರಿಯರ್ ಎಲ್ವಿನ್ ಬಗ್ಗೆ ಓದಿದ ಮೇಲೆ ಆ ನಗು ನನ್ನನ್ನೇ ಚುಚ್ಚತೊಡಗಿತು.

1902ರಲ್ಲಿ ಇಂಗ್ಲೆಂಡಿನಲ್ಲಿ ಬಿಷಪ್ಪರ ಮಗನಾಗಿ ಹುಟ್ಟಿದ ಎಲ್ವಿನ್, ಆಕ್ಸ್‌ಫರ್ಡ್‌ನಲ್ಲಿ ಓದಿ 1927ರಲ್ಲಿ ಪಾದ್ರಿಯಾಗಿ ಪುಣೆಗೆ ಬಂದರು. ಮರುವರ್ಷ ನಮ್ಮ ಅಹಮದಾಬಾದಿನ ಸಾಬರಮತಿ ಆಶ್ರಮಕ್ಕೆ ಬಂದವರು ಗಾಂಧೀಜಿಗೆ ಮನಸೋತರು. 1932ರಲ್ಲಿ ಗೆಳೆಯ ಶಾಮರಾವ್ ಹಿವಾಳೆ ಜೊತೆ ಮಧ್ಯಭಾರತದ ಗೊಂಡರ ಹಳ್ಳಿ ಕರಂಜಿಯಾ ಸೇರಿದರು. ಕಲಿಸಲು ಹೋದವರು ಅಲ್ಲೇ ಕಲಿಯಲು ಕೂತರು. ಚರ್ಚ್ ಬಿಟ್ಟರು. ಆದಿವಾಸಿಗಳ ಪೂಜೆಗೆ ಬೇಕಾದ ಹಿಪ್ಪೆ ಹೂವಿನ ಸಾರಾಯಿಯನ್ನು ನಿಲ್ಲಿಸಬಾರದೆಂದು ಗಾಂಧಿವಾದಿಗಳಿಗೂ ಎದುರು ನಿಂತರು.

ಒಡಿಶಾದ ಸವರ ಜನರ ಧರ್ಮದ ಬಗ್ಗೆ ಅವರ ದೊಡ್ಡ ಗ್ರಂಥ ಬಂದದ್ದು 1955ರಲ್ಲಿ. ಸವರರಲ್ಲಿ ಮೈದುಂಬುವವರು ಹೆಚ್ಚಾಗಿ ಹೆಂಗಸರು. ಅವರಿಗೆ ಪಾತಾಳದಲ್ಲೊಬ್ಬ ಗಂಡ, ಮಕ್ಕಳೂ ಇರುತ್ತಾರೆಂದು ನಂಬಿಕೆ. ರೋಗಿಯ ಪಕ್ಕ ಕೂತು, ಸತ್ತವರ ಪರವಾಗಿ ಮಾತಾಡಿ, ಯಾರಿಗೆ ಏನು ಸಲ್ಲಬೇಕೆಂದು ಹೇಳುವವರು ಅವರೇ. ಎಲ್ವಿನ್ ಇದನ್ನು ಹುಚ್ಚು ಎನ್ನಲಿಲ್ಲ, ಮೋಸ ಎನ್ನಲಿಲ್ಲ. ಊರಿನ ನೋವಿಗೆ ಕಿವಿಗೊಡುವ ಗೌರವದ ಕೆಲಸ ಎಂದು ಕಂಡರು. ದೈವಗಳಿಗಾಗಿ ಸವರರು ಗೋಡೆಯ ಮೇಲೆ ಬರೆಯುವ ಚಿತ್ರಗಳನ್ನೂ ದಾಖಲಿಸಿದರು. ವಡೋದರಾದ ಪಕ್ಕದ ಛೋಟಾ ಉದೇಪುರದಲ್ಲಿ ರಾಠವಾ ಜನ ಬಡವೋ ಎಂಬ ಪೂಜಾರಿಯ ಮಾತಿನಂತೆ ಪಿಥೋರಾ ಚಿತ್ರ ಬರೆಸುವುದನ್ನು ಕಂಡಾಗ ನನಗೆ ಆ ಪುಟಗಳೇ ನೆನಪಾದವು.

ಆದರೆ ಇಷ್ಟೆಲ್ಲ ಕಿವಿಗೊಟ್ಟವರ ಮನೆಯ ಕಥೆ ಬೇರೆ. 1940ರಲ್ಲಿ ಗೊಂಡ ಹುಡುಗಿ ಕೋಸಿಯನ್ನು ಮದುವೆಯಾದರು, 1949ರಲ್ಲಿ ವಿಚ್ಛೇದನವಾಯಿತು. ಆತ್ಮಕಥೆಯಲ್ಲಿ ಆಕೆಗೆ ಸಿಕ್ಕಿದ್ದು ಕೆಲವೇ ಸಾಲು. ಆಕೆ ಮುಂದೆ ಬಡತನದಲ್ಲೇ ಬದುಕು ಸವೆಸಿದರು. ಎಲ್ವಿನ್‌ರನ್ನು ಮೆಚ್ಚುವಾಗ ಇದನ್ನು ಮರೆಯಲು ನನಗಾಗುವುದಿಲ್ಲ.

1954ರಲ್ಲಿ ಭಾರತದ ಪ್ರಜೆಯಾಗಿ, ಈಶಾನ್ಯ ಗಡಿನಾಡಿನ ಆಡಳಿತಕ್ಕೆ ಸಲಹೆಗಾರರಾಗಿದ್ದ ಎಲ್ವಿನ್ 1964ರ ಫೆಬ್ರವರಿಯಲ್ಲಿ ತೀರಿಕೊಂಡರು. ಮರುವರ್ಷ ಆ ಆತ್ಮಕಥೆಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಈ ಸಲ ರಜೆ ಅರ್ಜಿಯಲ್ಲಿ ಮನೆ ಕೆಲಸ ಎಂದು ಬರೆಯಲಿಲ್ಲ. ಕೋಲ ಎಂದೇ ಬರೆದೆ. ಆ ಸಹೋದ್ಯೋಗಿಯನ್ನೂ ಊರಿಗೆ ಕರೆದಿದ್ದೇನೆ.