ಮೆಣಸಿನಕಾಯಿಯಲ್ಲಿ ಸಿಕ್ಕ ಜೀವಸತ್ವ: ಆಲ್ಬರ್ಟ್ ಸೆಂಟ್ ಜಾರ್ಜಿ

ಮಕ್ಕಳೇ, ಮನೆಯಲ್ಲಿ ಬದನೆಕಾಯಿ ಹೆಚ್ಚಿದ ಕೂಡಲೇ ನೀರಿಗೆ ಹಾಕುವುದನ್ನು ನೋಡಿದ್ದೀರಲ್ಲವೇ? ಹಾಗೇ ಬಿಟ್ಟರೆ ಹೋಳುಗಳು ಕಪ್ಪಾಗುತ್ತವೆ. ಗಾಳಿಯ ಆಮ್ಲಜನಕ ಹೋಳಿನಲ್ಲಿರುವ ಕೆಲವು ವಸ್ತುಗಳೊಂದಿಗೆ ವರ್ತಿಸುವುದೇ ಇದಕ್ಕೆ ಕಾರಣ. ಇದಕ್ಕೆ ಉತ್ಕರ್ಷಣ ಎನ್ನುತ್ತಾರೆ. ಆದರೆ ಕತ್ತರಿಸಿಟ್ಟ ನಿಂಬೆಹಣ್ಣು ಹೀಗೆ ಕಪ್ಪಾಗುವುದಿಲ್ಲ. ಏಕೆ? ಇಂಥ ಪ್ರಶ್ನೆಯ ಬೆನ್ನು ಹತ್ತಿದವರು ಹಂಗೇರಿ ದೇಶದ ಆಲ್ಬರ್ಟ್ ಸೆಂಟ್ ಜಾರ್ಜಿ. ಅವರಿಗೆ ಸಿಕ್ಕ ಉತ್ತರಕ್ಕೂ ನಮ್ಮ ಕೊಳವೆಬಾವಿಗಳ ಫ್ಲೋರೈಡ್ ನೀರಿಗೂ ಒಂದು ನಂಟಿದೆ.

ಇವರು ಹುಟ್ಟಿದ್ದು 1893ರ ಸೆಪ್ಟೆಂಬರ್ 16ರಂದು, ಬುಡಾಪೆಸ್ಟ್ ನಗರದಲ್ಲಿ. ಚಿಕ್ಕಂದಿನಲ್ಲಿ ಓದಿನಲ್ಲಿ ಹಿಂದೆ. ಹೆಸರಾಂತ ವಿಜ್ಞಾನಿಯಾಗಿದ್ದ ಸೋದರಮಾವ, ಈ ಹುಡುಗನಿಗೆ ವಿಜ್ಞಾನ ಹತ್ತುವುದಿಲ್ಲ ಎಂದೇ ತಿಳಿದಿದ್ದರಂತೆ! ಮುಂದೆ ಅವರು ವೈದ್ಯಕೀಯ ಓದಿದರು. ಮೊದಲನೇ ಮಹಾಯುದ್ಧದ ನಂತರ ಕೆಲಸಕ್ಕಾಗಿ ದೇಶದಿಂದ ದೇಶಕ್ಕೆ ಅಲೆದರು.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದಾಗ ದನಗಳ ಅಡ್ರಿನಲ್ ಗ್ರಂಥಿ, ಕಿತ್ತಳೆ ಮತ್ತು ಎಲೆಕೋಸಿನಿಂದ ಒಂದು ವಸ್ತುವನ್ನು ಬೇರ್ಪಡಿಸಿದರು. ಉಳಿದವುಗಳಿಗಿಂತ ಮೊದಲು ತಾನೇ ಉತ್ಕರ್ಷಣಗೊಂಡು ಅವುಗಳನ್ನು ಕಾಪಾಡುವುದು ಅದರ ಗುಣ. ಅದು ಏನೆಂದು ತಿಳಿಯದ್ದರಿಂದ, 'ಗೊತ್ತಿಲ್ಲ' ಎಂಬ ಅರ್ಥ ಬರುವ ತಮಾಷೆಯ ಹೆಸರಿಟ್ಟರು. ಪತ್ರಿಕೆಯ ಸಂಪಾದಕರು ಒಪ್ಪಲಿಲ್ಲ. ಕೊನೆಗೆ ಹೆಕ್ಸುರಾನಿಕ್ ಆಮ್ಲ ಎಂದಾಯಿತು.

ಅಮೆರಿಕದ ಕಸಾಯಿಖಾನೆಗಳಿಂದ ಗ್ರಂಥಿಗಳನ್ನು ತರಿಸಿ ತಿಂಗಳುಗಟ್ಟಲೆ ದುಡಿದರೂ ಸಿಕ್ಕಿದ್ದು ಸುಮಾರು 25 ಗ್ರಾಂ. ತಾಯ್ನಾಡಿಗೆ ಮರಳಿ ಸೆಗೆಡ್ ಊರಿನಲ್ಲಿ ಗಿನಿಪಿಗ್‌ಗಳ ಮೇಲೆ ಪರೀಕ್ಷಿಸಿದಾಗ, ಅದು ಸ್ಕರ್ವಿ ರೋಗವನ್ನು ತಡೆಯುವ ಜೀವಸತ್ವ 'ಸಿ' ಎಂದು ತಿಳಿಯಿತು. ಅಷ್ಟರಲ್ಲಿ ದಾಸ್ತಾನು ಮುಗಿದಿತ್ತು!

ಸೆಗೆಡ್ ಪ್ಯಾಪ್ರಿಕಾ ಮೆಣಸಿನಕಾಯಿಗೆ ಪ್ರಸಿದ್ಧ. ನಮ್ಮ ಬ್ಯಾಡಗಿಯ ಹಾಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಒಂದು ರಾತ್ರಿ ಊಟಕ್ಕೆ ಹೆಂಡತಿ ಹಸಿ ಪ್ಯಾಪ್ರಿಕಾ ಬಡಿಸಿದರು. ಸೆಂಟ್ ಜಾರ್ಜಿಗೆ ತಿನ್ನಲು ಮನಸ್ಸಿರಲಿಲ್ಲ. ಪರೀಕ್ಷಿಸುವ ನೆಪ ಹೇಳಿ ಅದನ್ನು ಪ್ರಯೋಗಾಲಯಕ್ಕೆ ಒಯ್ದರು. ನಡುರಾತ್ರಿಯ ಹೊತ್ತಿಗೆ ಅದರಲ್ಲಿ ಜೀವಸತ್ವ 'ಸಿ' ತುಂಬಿದೆ ಎಂದು ಗೊತ್ತಾಯಿತು! ಕೆಲವೇ ವಾರಗಳಲ್ಲಿ ಒಂದು ಕಿಲೋಗಿಂತ ಹೆಚ್ಚು ತಯಾರಾಯಿತು. ಅದನ್ನು ಬೇರೆ ವಿಜ್ಞಾನಿಗಳಿಗೂ ಹಂಚಿದರು. 1937ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಎರಡನೇ ಮಹಾಯುದ್ಧದಲ್ಲಿ ನಾಜಿಗಳನ್ನು ವಿರೋಧಿಸಿ ತಲೆಮರೆಸಿಕೊಂಡಿದ್ದರು. 1947ರಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿ, 1986ರ ಅಕ್ಟೋಬರ್ 22ರಂದು ತೀರಿಕೊಂಡರು.

ಇನ್ನು ಫ್ಲೋರೈಡ್ ವಿಷಯ. ಕೋಲಾರ, ತುಮಕೂರು, ಕೊಪ್ಪಳ, ರಾಯಚೂರು ಜಿಲ್ಲೆಗಳ ಹಲವು ಊರುಗಳ ಅಂತರ್ಜಲದಲ್ಲಿ ಇದು ಹೆಚ್ಚು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ 1.5 ಮಿಲಿಗ್ರಾಂ ಮೀರಬಾರದು. ಹೆಚ್ಚಾದರೆ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆ ಕೆಡುತ್ತದೆ. ಶಾಲೆಗಳಿಗೆ ಹೋದಾಗ ಬಾಯಿಗೆ ಕೈ ಅಡ್ಡ ಹಿಡಿದು ನಗುವ ಮಕ್ಕಳನ್ನು ನಾನು ನೋಡಿದ್ದೇನೆ. ಆ ಪಟ್ಟೆ ಹಲ್ಲುಜ್ಜದ್ದರಿಂದ ಬಂದದ್ದಲ್ಲ. ಅವರನ್ನು ಹಾಸ್ಯ ಮಾಡಬೇಡಿ.

ಹೆಚ್ಚಾದ ಫ್ಲೋರೈಡ್ ಜೀವಕೋಶಗಳ ಒಳಗೂ ಹಾನಿಕರ ಉತ್ಕರ್ಷಣವನ್ನು ಹೆಚ್ಚಿಸುತ್ತದೆ. ಜೀವಸತ್ವ 'ಸಿ' ಮತ್ತು 'ಇ' ಅದನ್ನು ತಡೆಯಬಲ್ಲವು. ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯದಲ್ಲಿ ಇಲಿಗಳಿಗೆ ಈ ಜೀವಸತ್ವಗಳನ್ನು ಕೊಟ್ಟಾಗ ಫ್ಲೋರೈಡ್‌ನ ಹಾನಿ ಕಡಿಮೆಯಾಯಿತು. ಮನುಷ್ಯರಲ್ಲಿ ಇಷ್ಟು ಗಟ್ಟಿಯಾದ ಪುರಾವೆ ಇನ್ನೂ ಇಲ್ಲ. ಆದರೂ ನೆಲ್ಲಿಕಾಯಿ, ಸೀಬೆಹಣ್ಣು, ಶೇಂಗಾ ತಿನ್ನುವುದು ಒಳ್ಳೆಯದೇ. ಇವುಗಳಿಂದ ಮೂಡಿದ ಪಟ್ಟೆ ಹೋಗದು, ನೀರಿನ ಫ್ಲೋರೈಡೂ ಹೋಗದು. ನೀರನ್ನು ಕುದಿಸಿದರೂ ಅಷ್ಟೇ. ನೀರು ಆವಿಯಾಗಿ ಫ್ಲೋರೈಡ್ ಉಳಿಯುತ್ತದೆ. ನಿಮ್ಮೂರಿನ ನೀರಿನ ಪರೀಕ್ಷಾ ವರದಿಯನ್ನು ಶಿಕ್ಷಕರ ಜೊತೆ ಹೋಗಿ ಗ್ರಾಮ ಪಂಚಾಯಿತಿಯಲ್ಲಿ ಕೇಳಿ ನೋಡಿ.