ರಾತ್ರಿಯ ತಪ್ಪನ್ನು ಲೆಕ್ಕಕ್ಕೆ ತಂದ ಜಾರ್ಜ್ ಐರಿ

ಗ್ರೀನಿಚ್ ಎಂಬ ಹೆಸರನ್ನು ಶಾಲೆಯ ಭೂಗೋಳ ಪಾಠದಲ್ಲಿ ಓದದವರು ವಿರಳ. ನಮ್ಮ ಗಡಿಯಾರ ಅಲ್ಲಿಯ ವೇಳೆಗಿಂತ ಐದೂವರೆ ಗಂಟೆ ಮುಂದು. ಭೂಪಟದಲ್ಲಿ ಪೂರ್ವ ಪಶ್ಚಿಮಗಳನ್ನು ಬೇರ್ಪಡಿಸುವ ಸೊನ್ನೆಯ ಗೆರೆ ಆ ಊರಿನ ವೀಕ್ಷಣಾಲಯದ ಒಂದು ದೂರದರ್ಶಕದ ನಡುವಿನಿಂದ ಹಾಯುವುದೆಂದು 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ರಾಷ್ಟ್ರಗಳು ಗೊತ್ತುಮಾಡಿದವು. ಆ ದೂರದರ್ಶಕವನ್ನು ಯೋಜಿಸಿ ಕಟ್ಟಿಸಿದವನು ಜಾರ್ಜ್ ಬಿಡೆಲ್ ಐರಿ. ನಲವತ್ತಾರು ವರ್ಷ ಇಂಗ್ಲೆಂಡಿನ ರಾಜ ಖಗೋಳಜ್ಞನ ಹುದ್ದೆಯಲ್ಲಿದ್ದ ಈತನನ್ನು ಜನ ನೆನೆಯುವುದು ಆ ಗೆರೆಗಾಗಿ, ಇಲ್ಲವೇ ಕೈತಪ್ಪಿಹೋದ ಒಂದು ಗ್ರಹಕ್ಕಾಗಿ. ಆದರೆ 1861ರಲ್ಲಿ ಆತ ಬರೆದ ಒಂದು ಸಣ್ಣ ಪುಸ್ತಕದ ಕೆಲವು ಪುಟಗಳು ಇವೆರಡಕ್ಕಿಂತಲೂ ದೂರ ಸಾಗಿ ಬಂದಿವೆ. ಶಾಲೆ, ಆಸ್ಪತ್ರೆ, ಹೊಲ, ದನದ ಹಟ್ಟಿ, ಯಾವುದರ ಅಂಕಿಗಳನ್ನು ತೂಗುವವರೂ ಇಂದು ಬಳಸುವ ಒಂದು ವಿಧಾನದ ಮೊದಲ ಮೊಳಕೆ ಆ ಪುಟಗಳಲ್ಲಿದೆ.

ಐರಿ ಹುಟ್ಟಿದ್ದು 1801ರ ಜುಲೈ 27ರಂದು, ಉತ್ತರ ಇಂಗ್ಲೆಂಡಿನ ಆಲ್ನಿಕ್ ಎಂಬ ಪೇಟೆಯಲ್ಲಿ. ತಂದೆ ಸುಂಕ ವಸೂಲಿಯ ಅಧಿಕಾರಿ. ವರ್ಗವಾದಲ್ಲೆಲ್ಲ ಸಂಸಾರವೂ ಊರು ಬದಲಿಸಬೇಕು. 1813ರಲ್ಲಿ ತಂದೆಯ ಕೆಲಸ ಹೋಯಿತು, ಮನೆ ಬಡತನಕ್ಕೆ ಬಿತ್ತು. ಆಗ ಹುಡುಗನಿಗೆ ಆಸರೆಯಾದವನು ಸೋದರಮಾವ ಆರ್ಥರ್ ಬಿಡೆಲ್. ಈತ ಇಪ್ಸ್‌ವಿಚ್ ಪಟ್ಟಣದ ಹತ್ತಿರದ ಪ್ಲೇಫರ್ಡ್ ಎಂಬ ಹಳ್ಳಿಯ ಕೃಷಿಕ. ಹೊಲಗದ್ದೆಯ ನಡುವೆಯೂ ರಸಾಯನ, ಬೆಳಕು, ಯಂತ್ರಗಳ ಪುಸ್ತಕಗಳನ್ನು ಮನೆ ತುಂಬ ಇಟ್ಟುಕೊಂಡಿದ್ದವನು. ಸೋದರಮಾವನ ಮನೆಯಲ್ಲಿ ಬೆಳೆದು ಮೇಲೆ ಬಂದವರ ಕತೆ ನಮ್ಮ ಕಡೆಯೂ ಬೇಕಾದಷ್ಟಿದೆ. ಶಾಲೆಯಲ್ಲಿ ಐರಿಯ ನೆನಪಿನ ಶಕ್ತಿ ಎಲ್ಲರನ್ನೂ ಬೆರಗುಗೊಳಿಸಿತ್ತು. ಒಂದು ಪರೀಕ್ಷೆಯಲ್ಲಿ 2394 ಸಾಲು ಲ್ಯಾಟಿನ್ ಪದ್ಯವನ್ನು ಬಾಯಿಪಾಠವಾಗಿ ಒಪ್ಪಿಸಿದನಂತೆ.

1819ರಲ್ಲಿ ಕೇಂಬ್ರಿಜಿನ ಟ್ರಿನಿಟಿ ಕಾಲೇಜಿಗೆ ಬಡ ವಿದ್ಯಾರ್ಥಿಗಳ ಸಾಲಿನಲ್ಲಿ ಸೇರಿದವನು 1823ರಲ್ಲಿ ಗಣಿತದಲ್ಲಿ ವಿಶ್ವವಿದ್ಯಾಲಯಕ್ಕೇ ಮೊದಲಿಗನಾದನು. ತನ್ನ ಎಡಗಣ್ಣಿಗೆ ನಕ್ಷತ್ರ ದುಂಡಗೆ ಕಾಣದೆ ಉದ್ದುದ್ದವಾಗಿ ಕಾಣುವುದನ್ನು ಗಮನಿಸಿ, ಕಾರಣವನ್ನು ಲೆಕ್ಕಹಾಕಿ, ಒಂದು ಬದಿಗೆ ಮಾತ್ರ ಬಾಗಿದ ಗಾಜನ್ನು ಮಾಡಿಸಿ ಹಾಕಿಕೊಂಡದ್ದು ಈ ಕಾಲದಲ್ಲೇ. ಇಂದು ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಎಂದು ವೈದ್ಯರು ಬರೆಯುವುದರ ಮೂಲ ಅದು. 1824ರಲ್ಲಿ ಡರ್ಬಿಷೈರಿನ ಗುಡ್ಡಗಳಲ್ಲಿ ಕಾಲ್ನಡಿಗೆಯಲ್ಲಿದ್ದಾಗ ಪಾದ್ರಿಯೊಬ್ಬರ ಮಗಳು ರಿಚಾರ್ಡಾಳನ್ನು ಕಂಡು, ಎರಡೇ ದಿನಗಳಲ್ಲಿ ಮದುವೆಯ ಮಾತೆತ್ತಿದನು. ಸಂಪಾದನೆ ಇಲ್ಲದವನಿಗೆ ಹೆಣ್ಣು ಕೊಡಲು ತಂದೆ ಒಪ್ಪಲಿಲ್ಲ. 1826ರಲ್ಲಿ, ಹಿಂದೆ ನ್ಯೂಟನ್ ಇದ್ದ ಪೀಠವೇ ಸಿಕ್ಕಿತು. ಆದರೆ ಅದರ ಸಂಬಳ ವರ್ಷಕ್ಕೆ 99 ಪೌಂಡು ಮಾತ್ರ. ಎರಡು ವರ್ಷದ ಮೇಲೆ ಖಗೋಳದ ಪೀಠಕ್ಕೆ ಬಂದು, ಸಂಬಳವನ್ನು 500 ಪೌಂಡಿಗೆ ಏರಿಸಿಕೊಂಡ ಮೇಲೆ, 1830ರಲ್ಲಿ ಮದುವೆ ನಡೆಯಿತು. ಆರು ವರ್ಷ ಕಾದ ಆಕೆಯ ಸಹನೆಯೂ ಸಣ್ಣದಲ್ಲ.

1835ರಲ್ಲಿ ಗ್ರೀನಿಚಿಗೆ ಬಂದ ಐರಿ ವೀಕ್ಷಣಾಲಯವನ್ನು ಕಾರ್ಖಾನೆಯಂತೆ ನಡೆಸಿದನು. ಹಳೆಯ ವೀಕ್ಷಣೆಗಳ ಲೆಕ್ಕ ಕಟ್ಟಲು ಹುಡುಗರನ್ನು ಹಚ್ಚಿ, ಮೊದಮೊದಲು ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ದುಡಿಸಿದನು. ಒಂದು ಚೂರು ಕಾಗದವನ್ನೂ ಬಿಸಾಡುತ್ತಿರಲಿಲ್ಲ. ಖಾಲಿ ಪೆಟ್ಟಿಗೆಗಳ ಮೇಲೆ ಖಾಲಿ ಎಂಬ ಚೀಟಿ ಬರೆದು ಅಂಟಿಸುತ್ತಾ ಒಂದು ಮಧ್ಯಾಹ್ನ ಕಳೆದನೆಂಬ ಕತೆಯೂ ಇದೆ. ಈ ಶಿಸ್ತಿನಿಂದ ಹಾನಿಯೂ ಆಯಿತು. 1845ರ ಅಕ್ಟೋಬರಿನಲ್ಲಿ ಆಡಮ್ಸ್ ಎಂಬ ತರುಣ ಕಾಣದ ಗ್ರಹವೊಂದರ ಸ್ಥಾನದ ಲೆಕ್ಕವನ್ನು ಗ್ರೀನಿಚಿನಲ್ಲಿ ಬಿಟ್ಟುಹೋಗಿದ್ದನು. ಐರಿ ಒಂದು ಪ್ರಶ್ನೆ ಕೇಳಿ ಬರೆದನು, ಆಡಮ್ಸ್ ಉತ್ತರಿಸಲಿಲ್ಲ, ಕಡತ ಅಲ್ಲಿಗೇ ನಿಂತಿತು. 1846ರ ಸೆಪ್ಟೆಂಬರ್ 23ರಂದು ಫ್ರಾನ್ಸಿನ ಲವೆರಿಯೇ ಮಾಡಿದ್ದ ಲೆಕ್ಕದ ಮೇಲೆ ಬರ್ಲಿನ್ನಿನಲ್ಲಿ ನೆಪ್ಚೂನ್ ಪತ್ತೆಯಾಯಿತು. ಇಂಗ್ಲೆಂಡಿನಲ್ಲಿ ತಪ್ಪೆಲ್ಲ ಐರಿಯ ತಲೆಗೆ ಬಂತು. ಉತ್ತರ ಬರೆಯದ ಆಡಮ್ಸನದ್ದೂ ಅದರಲ್ಲಿ ಪಾಲಿತ್ತೆಂದು ಹೇಳದಿದ್ದರೆ ನ್ಯಾಯವಾಗದು.

ಗ್ರೀನಿಚಿನ ಮುಖ್ಯ ಕೆಲಸ ಗ್ರಹ ಹುಡುಕುವುದಲ್ಲ. ನಕ್ಷತ್ರವೊಂದು ದೂರದರ್ಶಕದ ತಂತಿಯನ್ನು ದಾಟುವ ಕ್ಷಣವನ್ನು ಗುರುತಿಸುವುದು. ಗಡಿಯಾರದ ಟಿಕ್ ಟಿಕ್ ಕೇಳುತ್ತಾ, ಕಣ್ಣಿನಿಂದ ನೋಡುತ್ತಾ, ಸೆಕೆಂಡಿನ ಹತ್ತನೆಯ ಒಂದು ಭಾಗದವರೆಗೆ ಅಂದಾಜು ಮಾಡಬೇಕು. ಇಲ್ಲಿ ಹಿಂದೆಯೇ ಒಂದು ನೋವಿನ ಪ್ರಸಂಗ ನಡೆದಿತ್ತು. ಕಿನ್ನಬ್ರೂಕ್ ಎಂಬ ಸಹಾಯಕ ತನ್ನ ಮೇಲಧಿಕಾರಿ ಮ್ಯಾಸ್ಕಲೀನನಿಗಿಂತ ಎಂಟು ಹತ್ತಾಂಶ ಸೆಕೆಂಡು ತಡವಾಗಿ ಕಾಲ ಬರೆಯುತ್ತಾನೆಂದು 1796ರಲ್ಲಿ ಅವನನ್ನು ಕೆಲಸದಿಂದ ತೆಗೆದರು. ಮುಂದೆ ಜರ್ಮನಿಯ ಬೆಸೆಲ್ ಇದನ್ನು ಓದಿ, ಹುರಿಯಾಳುಗಳಂಥ ಖಗೋಳಜ್ಞರನ್ನೇ ಹೋಲಿಸಿ ನೋಡಿದಾಗ ಒಬ್ಬೊಬ್ಬನಿಗೂ ಒಂದೊಂದು ವ್ಯತ್ಯಾಸ ಇರುವುದು ತಿಳಿಯಿತು. ಕಿನ್ನಬ್ರೂಕನದು ಅಲಕ್ಷ್ಯವಲ್ಲ, ಅವನ ಕಣ್ಣು ಕಿವಿಗಳ ಗುಣ. ಐರಿಯ ಕಾಲಕ್ಕೆ ಗ್ರೀನಿಚಿನಲ್ಲಿ ಪ್ರತಿ ವೀಕ್ಷಕನ ವ್ಯತ್ಯಾಸವನ್ನೂ ಅಳೆದು ಕಳೆಯುವ ಪದ್ಧತಿ ನಿಂತಿತ್ತು.

ವೀಕ್ಷಕನ ತಪ್ಪಿಗೆ ಹೀಗೆ ಪರಿಹಾರ ಸಿಕ್ಕಿತು. ರಾತ್ರಿಯ ತಪ್ಪಿಗೆ ಏನು ಮಾಡುವುದು? ಒಂದು ರಾತ್ರಿ ಗಾಳಿ ತಿಳಿಯಾಗಿರುತ್ತದೆ, ಇನ್ನೊಂದು ರಾತ್ರಿ ಕದಡಿರುತ್ತದೆ. ಉಪಕರಣದ ಲೋಹ ಚಳಿಗೆ ಒಂದಿಷ್ಟು ಕುಗ್ಗಿರುತ್ತದೆ. ಆ ರಾತ್ರಿ ತೆಗೆದ ಪ್ರತಿ ಅಳತೆಯೂ ಒಂದೇ ದಿಕ್ಕಿಗೆ ಒಂದಿಷ್ಟು ವಾಲುತ್ತದೆ. ಅಳತೆ ಹೆಚ್ಚಿದಷ್ಟೂ ಸರಾಸರಿ ನಿಖರವಾಗುತ್ತದೆಂಬ ಸಾಮಾನ್ಯ ನಂಬಿಕೆ ಇಲ್ಲಿ ಕೈಕೊಡುತ್ತದೆ. ವೀಕ್ಷಣೆಯ ತಪ್ಪುಗಳನ್ನು ಕುರಿತ 1861ರ ಪುಸ್ತಕದಲ್ಲಿ ಐರಿ ಹಿಡಿದದ್ದು ಈ ಎಳೆಯನ್ನು. ಪ್ರತಿ ಅಳತೆಯಲ್ಲಿ ಎರಡು ತಪ್ಪುಗಳಿವೆ ಎಂದು ಆತ ಬಿಡಿಸಿಟ್ಟನು: ಆ ದಿನದ ಎಲ್ಲ ಅಳತೆಗಳಿಗೂ ಒಂದೇ ಆಗಿ ಅಂಟಿಕೊಳ್ಳುವ ತಪ್ಪು ಒಂದು, ಒಂದೊಂದು ಅಳತೆಗೂ ಬೇರೆ ಬೇರೆಯಾದ ತಪ್ಪು ಇನ್ನೊಂದು. ದಿನದ ತಪ್ಪು ಆ ದಿನದ ಮಟ್ಟಿಗೆ ಬದಲಾಗದು. ಆದರೆ ದಿನದಿಂದ ದಿನಕ್ಕೆ ಎತ್ತ ಹೊರಳುವುದೋ ತಿಳಿಯದು. ಒಂದೇ ದಿನದ ಅಳತೆಗಳು ತಮ್ಮೊಳಗೆ ಎಷ್ಟು ಚದರಿವೆ, ದಿನಗಳ ಸರಾಸರಿಗಳು ತಮ್ಮೊಳಗೆ ಎಷ್ಟು ಚದರಿವೆ, ಇವೆರಡನ್ನು ಹೋಲಿಸಿ, ದಿನದ ತಪ್ಪೆಂಬುದು ನಿಜವಾಗಿ ಇದೆಯೇ ಎಂದು ನಿರ್ಣಯಿಸುವ ದಾರಿಯನ್ನೂ ಕೊಟ್ಟನು.

ಇದರ ಬೆಲೆ ತಿಳಿಯಲು ನಾವೇ ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ತಪ್ಪನ್ನು ಅದರ ವರ್ಗದಿಂದ ಅಳೆಯುವುದು ವಾಡಿಕೆ. ರಾತ್ರಿಯ ತಪ್ಪಿನ ವರ್ಗ ಸರಾಸರಿ 1, ಬಿಡಿ ಅಳತೆಯ ತಪ್ಪಿನ ವರ್ಗ ಸರಾಸರಿ 4 ಎಂದಿಟ್ಟುಕೊಳ್ಳಿ. ಒಂದೇ ರಾತ್ರಿ 100 ಅಳತೆ ತೆಗೆದರೆ ಬಿಡಿ ತಪ್ಪು ನೂರರಿಂದ ಭಾಗಿಸಲ್ಪಟ್ಟು 0.04ಕ್ಕೆ ಇಳಿಯುತ್ತದೆ, ಆದರೆ ರಾತ್ರಿಯ 1 ಇದ್ದಲ್ಲೇ ಇರುತ್ತದೆ; ಒಟ್ಟು 1.04. ಅದೇ 100 ಅಳತೆಗಳನ್ನು ಹತ್ತು ರಾತ್ರಿಗೆ ಹತ್ತರಂತೆ ಹಂಚಿದರೆ ರಾತ್ರಿಯ ತಪ್ಪೂ ಹತ್ತರಿಂದ ಭಾಗವಾಗಿ ಒಟ್ಟು 0.14 ಆಗುತ್ತದೆ. ದುಡಿಮೆ ಅಷ್ಟೇ, ತಪ್ಪು ಏಳರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಇನ್ನು ನಾಲ್ಕೇ ಅಳತೆಯ ಒಂದು ರಾತ್ರಿಯ ತಪ್ಪಿನ ವರ್ಗ 2. ಹಾಗಾಗಿ ನೂರು ಅಳತೆಯ ರಾತ್ರಿಗೆ ಇಪ್ಪತ್ತೈದು ಪಟ್ಟು ಮಾನ ಕೊಡುವುದು ತಪ್ಪು. ಅದಕ್ಕೆ ಸಲ್ಲಬೇಕಾದದ್ದು ಎರಡು ಪಟ್ಟಿಗಿಂತ ತುಸು ಕಡಿಮೆ.

ಇಂದಿನ ಸಂಖ್ಯಾಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಗ್ರೀನಿಚಿನ ವೀಕ್ಷಕರ ವ್ಯತ್ಯಾಸ ಸ್ಥಿರ ಪರಿಣಾಮ. ರಾತ್ರಿಯದು ಯಾದೃಚ್ಛಿಕ ಪರಿಣಾಮ. ವೀಕ್ಷಕರು ಹೆಸರಿರುವ ನಾಲ್ಕಾರು ಜನ, ನಾಳೆಯೂ ಅವರೇ ಬರುತ್ತಾರೆ, ಒಬ್ಬೊಬ್ಬನದನ್ನು ಅಳೆದು ಕಳೆಯಬಹುದು. ರಾತ್ರಿಗಳು ಹಾಗಲ್ಲ. ಕಳೆದ ಮಂಗಳವಾರದ ರಾತ್ರಿ ಮತ್ತೆ ಬಾರದು. ಅದು ಎಣಿಸಲಾರದಷ್ಟು ರಾತ್ರಿಗಳಲ್ಲಿ ಕೈಗೆ ಸಿಕ್ಕಿದ ಒಂದು. ನಮಗೆ ಬೇಕಾದದ್ದು ಅದರ ತಪ್ಪು ಇಷ್ಟೇ ಎಂಬುದಲ್ಲ, ರಾತ್ರಿಗಳು ಸಾಮಾನ್ಯವಾಗಿ ಎಷ್ಟು ಹೊರಳಾಡುತ್ತವೆ ಎಂಬುದು. ಈ ಹೆಸರುಗಳು ಐರಿಯವಲ್ಲ. ಫಿಶರ್ 1918ರಲ್ಲಿ ಹಾಕಿದ ತಳಹದಿಯ ಮೇಲೆ 1947ರಲ್ಲಿ ಅಮೆರಿಕದ ಐಸನ್‌ಹಾರ್ಟ್ ಈ ಎರಡು ಮಾದರಿಗಳನ್ನು ಖಚಿತವಾಗಿ ಬೇರ್ಪಡಿಸಿದನು. ಎರಡನೆಯ ಮಾದರಿಯ ಮೊದಲ ಕುರುಹು ಐರಿಯ ಹಳೆಯ ಪುಸ್ತಕದಲ್ಲಿದೆ ಎಂದು 1956ರಲ್ಲಿ ತೋರಿಸಿದವನು ಶೆಫೆ. ಪುಸ್ತಕ ಬಂದು ಆಗಲೇ 95 ವರ್ಷ ಕಳೆದಿತ್ತು!

ರಾತ್ರಿ ಎಂದಿರುವಲ್ಲಿ ಶಾಲೆ ಎಂದು, ಅಳತೆ ಎಂದಿರುವಲ್ಲಿ ಮಗು ಎಂದು ಓದಿದರೆ ವಿಷಯ ನಮ್ಮ ಅಂಗಳಕ್ಕೇ ಬರುತ್ತದೆ. ಪೇಟೆಯ ಒಂದೇ ದೊಡ್ಡ ಶಾಲೆಯ 500 ಮಕ್ಕಳನ್ನು ಪರೀಕ್ಷಿಸಿ, ಮಂಜೇಶ್ವರದಿಂದ ಅಡೂರಿನವರೆಗಿನ ಕನ್ನಡ ಮಕ್ಕಳ ಓದು ಇಂತಿಷ್ಟು ಎಂದು ವರದಿ ಬರೆದರೆ, ಅದು ಒಂದು ರಾತ್ರಿಯ ನೂರು ಅಳತೆಯೇ ಸರಿ. ಇಪ್ಪತ್ತೈದು ಶಾಲೆಗಳಿಂದ ಇಪ್ಪತ್ತಿಪ್ಪತ್ತು ಮಕ್ಕಳಾದರೆ ಮಾತು ಬೇರೆ. ಅಂತೆಯೇ ಆರು ಮಕ್ಕಳಿರುವ ಗಡಿಯ ಶಾಲೆಯೊಂದರ ಸರಾಸರಿ ಈ ವರ್ಷ ಕುಸಿದರೆ, ಆ ಶಾಲೆಯೇ ಕೆಟ್ಟಿತೆನ್ನಲು ಆಧಾರ ಸಾಲದು. ಒಂದು ಮಗುವಿಗೆ ಜ್ವರ ಬಂದರೂ ಅಲ್ಲಿಯ ಸರಾಸರಿ ಬೀಳುತ್ತದೆ. ಇಂಥ ಶಾಲೆಯ ಅಂಕಿಯನ್ನು ಇತರ ಶಾಲೆಗಳ ಸಾಮಾನ್ಯ ಮಟ್ಟದತ್ತ ಒಂದಿಷ್ಟು ಎಳೆದು ಅಂದಾಜು ಮಾಡುವುದೇ ಇಂದಿನ ಬಹುಸ್ತರ ಲೆಕ್ಕದ ಕ್ರಮ. ಮಕ್ಕಳು ಕಡಿಮೆಯಾದಷ್ಟೂ ಎಳೆತ ಹೆಚ್ಚು. ಮುಚ್ಚುವ ಪಟ್ಟಿಯನ್ನು ಕೈಯಲ್ಲಿ ಹಿಡಿದವರಿಗೆ ಇದು ತಿಳಿದಿರುವುದು ಒಳ್ಳೆಯದು.

ಭಾರತದ ನೆಲಕ್ಕೂ ಐರಿಗೂ ನೇರ ನಂಟೊಂದಿದೆ. ಬೆಂಗಳೂರು, ಬೀದರಗಳ ಮೇಲಿಂದ ಹಾದು ಹಿಮಾಲಯದ ಬುಡ ಮುಟ್ಟಿದ ಮಹಾ ಮೋಜಣಿಯಲ್ಲಿ, ಉತ್ತರದ ಕಲ್ಯಾಣ ಮತ್ತು ಕಲ್ಯಾಣಪುರ ಎಂಬೆರಡು ಠಾಣೆಗಳ ನಡುವಿನ ಅಂತರ ನೆಲದ ಅಳತೆಯಲ್ಲಿ ಒಂದು, ನಕ್ಷತ್ರದ ಅಳತೆಯಲ್ಲಿ ಇನ್ನೊಂದು ಬಂತು. ವ್ಯತ್ಯಾಸ ಸುಮಾರು 5.24 ವಿಕಲೆ. ಹಿಮಾಲಯ ತೂಗುಗುಂಡನ್ನು ತನ್ನತ್ತ ಎಳೆದಿರಬೇಕೆಂದು ಕಲ್ಕತ್ತೆಯ ಪಾದ್ರಿ ಪ್ರಾಟ್ ಲೆಕ್ಕಹಾಕಿದರೆ ಆ ಎಳೆತ 15 ವಿಕಲೆಗೂ ಮೀರಬೇಕಾಗಿತ್ತು. 1855ರಲ್ಲಿ ಐರಿ ಉತ್ತರ ಕೊಟ್ಟನು: ಬೆಟ್ಟ ಭೂಮಿಯ ಮೇಲೆ ಕುಳಿತ ಭಾರವಲ್ಲ, ನೀರಿನಲ್ಲಿ ತೇಲುವ ಮರದ ದಿಮ್ಮಿಯಂತೆ ಕೆಳಗೂ ಆಳವಾಗಿ ಇಳಿದಿದೆ, ಆ ಹಗುರ ಬೇರಿನಿಂದಾಗಿ ಎಳೆತ ಕಡಿಮೆ. ಬೆಟ್ಟಗಳಿಗೆ ಬೇರಿದೆ ಎಂಬ ಆ ಕಲ್ಪನೆ ಇಂದಿಗೂ ಭೂವಿಜ್ಞಾನದಲ್ಲಿ ಬಾಳುತ್ತಿದೆ. ಗ್ರೀನಿಚಿನಲ್ಲೂ ತೂಗುಗುಂಡು ತುಸು ವಾಲುತ್ತದೆ. ಉಪಗ್ರಹಗಳಿಂದ ಅಳೆದ ಇಂದಿನ ಸೊನ್ನೆಯ ಗೆರೆ ಐರಿಯ ದೂರದರ್ಶಕದಿಂದ ಸುಮಾರು 102 ಮೀಟರ್ ಪೂರ್ವಕ್ಕೆ ಬೀಳುವುದು ಇದೇ ಕಾರಣಕ್ಕೆ.

ಕೊನೆಗಾಲ ಸುಖದ್ದಾಗಿರಲಿಲ್ಲ. 1875ರಲ್ಲಿ ರಿಚಾರ್ಡಾ ತೀರಿಕೊಂಡಳು. 1879ರ ಡಿಸೆಂಬರ್ 28ರ ಬಿರುಗಾಳಿಗೆ ಸ್ಕಾಟ್‌ಲೆಂಡಿನ ಟೇ ಸೇತುವೆ ರೈಲಿನೊಂದಿಗೆ ಕುಸಿಯಿತು. ಅದನ್ನು ಕಟ್ಟಿದ ಬೌಚ್ ಯೋಜಿಸಿದ್ದ ಫೋರ್ತ್ ಸೇತುವೆಗಾಗಿ ಐರಿ 1873ರಲ್ಲಿ ಸಲಹೆ ಕೊಟ್ಟಿದ್ದನು: ಗಾಳಿಯ ಬೀಸು ಅಲ್ಲಲ್ಲಿ ಕ್ಷಣಕಾಲ ಚದರಡಿಗೆ 40 ಪೌಂಡು ಮುಟ್ಟಬಹುದು, ಆದರೆ ಇಡೀ ಸೇತುವೆಗೆ 10 ಪೌಂಡು ಹಿಡಿದರೆ ಸಾಕು. ವಿಚಾರಣೆಯಲ್ಲಿ ಆ ಸಲಹೆ ಹೊರಬಂದು ಐರಿಯ ಹೆಸರಿಗೆ ಕುಂದಾಯಿತು. ಟೇ ಸೇತುವೆಯ ಎರಕದ ದೋಷಗಳಿಗೆ ಆತ ಹೊಣೆಯಲ್ಲ. ಆದರೂ ಒಂದೊಂದು ರಾತ್ರಿಗೂ ಒಂದೊಂದು ಗುಣವೆಂದು ಕಂಡವನು ಗಾಳಿಯ ವಿಷಯದಲ್ಲಿ ಸರಾಸರಿಯನ್ನು ನಂಬಿದನಲ್ಲ ಎನಿಸುತ್ತದೆ.

1881ರಲ್ಲಿ, ಎಂಬತ್ತರ ಅಂಚಿನಲ್ಲಿ, ನಿವೃತ್ತನಾದನು. ಚಂದ್ರನ ಚಲನೆಯ ದೊಡ್ಡ ಲೆಕ್ಕವೊಂದನ್ನು ಮುಗಿಸುವುದೊಂದೇ ಉಳಿದ ಆಸೆ. 1886ರಲ್ಲಿ ಅದನ್ನು ಅಚ್ಚು ಹಾಕಿಸಿದನು. ಎಲ್ಲೋ ಒಂದು ತಪ್ಪು ನುಸುಳಿದೆ, ಅದು ಕೈಗೆ ಸಿಗುತ್ತಿಲ್ಲ ಎಂದು ತಾನೇ ಒಪ್ಪಿಕೊಂಡನು. ಹುಡುಕುವ ಶಕ್ತಿ ಉಳಿದಿರಲಿಲ್ಲ. 1892ರ ಜನವರಿ 2ರಂದು ಐರಿ ತೀರಿಕೊಂಡನು. ಸೋದರಮಾವನ ಊರಾದ ಪ್ಲೇಫರ್ಡಿನ ಇಗರ್ಜಿಯ ಅಂಗಳದಲ್ಲಿ, ಹೆಂಡತಿಯ ಬಳಿ ಅವನನ್ನು ಮಣ್ಣು ಮಾಡಿದರು.